ಪುಸ್ತಕ ಬೇರೆ, ಪಟ್ಟಿ ಬೇರೆ: ಚರ್ಚ್ ದಾಖಲೆ ಅಂತರ್ಜಾಲಕ್ಕೆ ಏರುವ ಮುನ್ನ

ಗಣಕಯಂತ್ರ ಇಲ್ಲದ ಚರ್ಚ್ ಕಛೇರಿ ಇಂದು ಅಪರೂಪ. ಕುಟುಂಬ ಕಾರ್ಡುಗಳನ್ನು ಜೋಡಿಸಿಟ್ಟ ಮರದ ಪೆಟ್ಟಿಗೆಯ ಜಾಗಕ್ಕೆ ಮೊದಲು ಎಕ್ಸೆಲ್ ಪಟ್ಟಿ ಬಂತು. ಅನಂತರ ಸದಸ್ಯರ ದಾಖಲೆಗೆಂದೇ ತಯಾರಾದ ತಂತ್ರಾಂಶಗಳು ಬಂದವು. ಈಗ ಚರ್ಚ್ ಪಾಲನಾ ಮಂಡಳಿಗಳ ಮುಂದಿರುವುದು ಅದರ ಮುಂದಿನ ಹೆಜ್ಜೆ. ಕಛೇರಿಯ ದಾಖಲೆಯನ್ನು ಅಂತರ್ಜಾಲದ ಡೈರೆಕ್ಟರಿಗೆ ಜೋಡಿಸುವುದು, ಕಛೇರಿಯಲ್ಲಿ ಒಂದು ಫೋನ್ ನಂಬರ್ ತಿದ್ದಿದರೆ ಡೈರೆಕ್ಟರಿಯಲ್ಲೂ ಅದು ತಾನಾಗಿ ತಿದ್ದುವಂತೆ ಮಾಡುವುದು. ತಂತ್ರಜ್ಞರು ಇದನ್ನು 'ಸಿಂಕ್' ಎನ್ನುತ್ತಾರೆ.

ಇದರಿಂದ ಅನುಕೂಲವಿದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ರಾತ್ರಿ ಹೊತ್ತು ರಕ್ತ ಬೇಕಾದಾಗ, ಮರಣದ ಸುದ್ದಿ ಮುಟ್ಟಿಸಬೇಕಾದಾಗ, ಮನೆ ಆಶೀರ್ವಾದದ ದಿನ ಗೊತ್ತುಮಾಡಬೇಕಾದಾಗ ಸರಿಯಾದ ಪಟ್ಟಿ ಕೈಯಲ್ಲಿರುವುದು ದೊಡ್ಡ ಉಪಕಾರ. ಆದರೆ ಯಾವ ದಾಖಲೆಯನ್ನು, ಯಾವುದಕ್ಕೆ, ಯಾರ ಒಪ್ಪಿಗೆಯಿಂದ ಜೋಡಿಸುತ್ತಿದ್ದೇವೆ ಎಂಬ ಪ್ರಶ್ನೆ ಎಷ್ಟು ಸಭೆಗಳಲ್ಲಿ ಎದ್ದಿದೆ? ಚರ್ಚಿನ ಕಪಾಟಿನಲ್ಲಿರುವ ಎಲ್ಲ ಪುಸ್ತಕಗಳೂ ಒಂದೇ ಜಾತಿಯವಲ್ಲ. ಅವುಗಳನ್ನು ಒಂದೇ ಎಂದು ಬಗೆದು ಗಣಕಯಂತ್ರಕ್ಕೆ ತುಂಬಿದರೆ ಆಗುವ ತೊಂದರೆಯನ್ನು ಆಮೇಲೆ ಸರಿಪಡಿಸುವುದು ಕಷ್ಟ.

ಬಟವಾಡಿಯ ಮನೆ, ಕರಾವಳಿಯ ಹೆಸರು

ಕರಾವಳಿಯ ಓದುಗರಿಗೆ ತುಮಕೂರಿನ ಬಟವಾಡಿ ದೂರದ ಊರೆನಿಸಬಹುದು. ಆದರೆ ಆ ಬಡಾವಣೆಯನ್ನು ಹಾದುಹೋಗುವ ಬಿ.ಎಚ್. ರಸ್ತೆಯ ಪೂರ್ಣ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ದಾಟಿ, ಘಟ್ಟ ಇಳಿದು ಅದು ಮುಟ್ಟುವುದು ನಮ್ಮ ಕಡಲನ್ನೇ. ಚಾರ್ಮಾಡಿ ಘಾಟಿ ಹತ್ತಿ ಮಂಗಳೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 73 ಕೂಡ ಕೊನೆಯಾಗುವುದು ತುಮಕೂರಿನಲ್ಲಿ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೇ ಬಿ.ಎಚ್. ರಸ್ತೆಯಲ್ಲಿದೆ. ಓದಲು, ನೌಕರಿಗೆ, ವ್ಯಾಪಾರಕ್ಕೆಂದು ಬೇರೆ ಜಿಲ್ಲೆಗಳಿಂದ ಬಂದು ನೆಲೆಸುವವರ ಊರು ಇದು.

ಉಡುಪಿ ಧರ್ಮಪ್ರಾಂತ್ಯದ ಒಂದು ಚರ್ಚಿನಲ್ಲಿ ಜ್ಞಾನಸ್ನಾನ ಪಡೆದ ಯುವಕನೊಬ್ಬ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ ಎಂದಿಟ್ಟುಕೊಳ್ಳಿ. ಅವನ ಮದುವೆ ನಡೆದದ್ದು ಹುಡುಗಿಯ ಊರಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ. ಮಗುವಿಗೆ ಜ್ಞಾನಸ್ನಾನ ಆದದ್ದು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ತುಮಕೂರಿನಲ್ಲಿ. ಊರಿನ ಗುರ್ಕಾರರ ಪುಸ್ತಕದಲ್ಲಿ ಅವನ ಹೆಸರು ಇನ್ನೂ ತಂದೆಯ ಕುಟುಂಬ ಕಾರ್ಡಿನಲ್ಲೇ ಇದೆ. ವರ್ಷದ ವಂತಿಗೆಯನ್ನು ತಾಯಿ ಅಲ್ಲೇ ಕಟ್ಟುತ್ತಾರೆ. ತುಮಕೂರಿನ ಪಟ್ಟಿಯಲ್ಲಿ ಅವನ ಹೆಸರು ಇರಬಹುದು, ಇಲ್ಲದೆಯೂ ಇರಬಹುದು. ಹಾಗಾದರೆ ಅವನು ಯಾವ ಚರ್ಚಿನ ಸದಸ್ಯ?

ಕಾನೂನು ಸಂಹಿತೆಯ ಉತ್ತರ ಸ್ಪಷ್ಟವಾಗಿದೆ. 102 ಮತ್ತು 107ನೆಯ ವಿಧಿಗಳ ಪ್ರಕಾರ ವಿಶ್ವಾಸಿಗೆ ತನ್ನ ವಿಚಾರಣಾ ಗುರುಗಳು ಸಿಗುವುದು ವಾಸಸ್ಥಳದ ಮೂಲಕ. ಖಾಯಂ ಆಗಿ ನೆಲೆಸುವ ಉದ್ದೇಶವಿದ್ದರೆ, ಇಲ್ಲವೇ ಐದು ವರ್ಷ ಪೂರ್ತಿ ವಾಸವಿದ್ದರೆ ಅದು ಅವನ ನಿವಾಸ. ಮೂರು ತಿಂಗಳಾದರೂ ಇರುವ ಉದ್ದೇಶದಿಂದ ಬಂದಿದ್ದರೆ, ಇಲ್ಲವೇ ಮೂರು ತಿಂಗಳು ಇದ್ದೇ ಬಿಟ್ಟಿದ್ದರೆ ಅದು ಅರೆನಿವಾಸ, ಅದೂ ಸಾಕು. ಹಾಸ್ಟೆಲಿನಲ್ಲಿದ್ದು ನಾಲ್ಕು ವರ್ಷ ಇಂಜಿನಿಯರಿಂಗ್ ಓದುವ ವಿದ್ಯಾರ್ಥಿನಿಯೂ ಆ ಅವಧಿಯಲ್ಲಿ ಅಲ್ಲಿನ ಧರ್ಮಕೇಂದ್ರದವಳೇ. ಯಾರ ಪಟ್ಟಿಯಲ್ಲಿ ಹೆಸರಿದೆ, ಯಾರು ವಂತಿಗೆ ಕಟ್ಟಿದ್ದಾರೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಪಟ್ಟಿ ಸದಸ್ಯತ್ವವನ್ನು ಕೊಡುವುದಿಲ್ಲ. ಇರುವ ಸದಸ್ಯರನ್ನು ಗುರುತಿಸಲು ಸಹಾಯ ಮಾಡುತ್ತದೆ, ಅಷ್ಟೆ. ಸಿಂಕ್ ಬಗ್ಗೆ ಯೋಚಿಸುವಾಗ ಈ ಒಂದು ಮಾತು ನೆನಪಿನಲ್ಲಿರಬೇಕು. ಡೈರೆಕ್ಟರಿಯಲ್ಲಿ ಹೆಸರಿಲ್ಲದವರಿಗೆ ಸೇವೆ ಇಲ್ಲ ಎನ್ನುವ ಧೋರಣೆ ನಮ್ಮ ಕಛೇರಿಗಳಲ್ಲಿ ಬೆಳೆಯಕೂಡದು.

ಒಂದು ಕಪಾಟು, ಎರಡು ಬಗೆಯ ಪುಸ್ತಕ

ಚರ್ಚಿನ ದಾಖಲೆಗಳ ಚರಿತ್ರೆ ದೀರ್ಘವಾದದ್ದು. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಐದು ಪುಸ್ತಕಗಳನ್ನು ಹೇಳಿತು: ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು 'ಆತ್ಮಗಳ ಸ್ಥಿತಿ' ಎಂಬ ಹೆಸರಿನ ಕುಟುಂಬ ಪುಸ್ತಕ. ಈ ಐದನೆಯದರಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ವಿವರವನ್ನು ಧರ್ಮಗುರುಗಳು ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದರು. ಇಂದಿನ ಕುಟುಂಬ ಕಾರ್ಡಿನ ಅಜ್ಜ ಅದು. ಈಗ ಜಾರಿಯಲ್ಲಿರುವ 1983ರ ಕಾನೂನು ಸಂಹಿತೆಯ 535ನೆಯ ವಿಧಿ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳನ್ನು ಇಡಬೇಕೆನ್ನುತ್ತದೆ. ಅವುಗಳನ್ನು ಸರಿಯಾಗಿ ಬರೆದು ಕಾಪಾಡುವ ಹೊಣೆ ವಿಚಾರಣಾ ಗುರುಗಳದು. ಹಳೆಯ ಪುಸ್ತಕಗಳನ್ನೂ ಜಾಗ್ರತೆಯಿಂದ ಉಳಿಸಬೇಕು.

ಮೊದಲ ನಾಲ್ಕು ಪುಸ್ತಕಗಳಲ್ಲಿ ಇರುವುದು ನಡೆದ ಘಟನೆ. ಇಂಥ ದಿನ ಇಂಥವರಿಗೆ ಜ್ಞಾನಸ್ನಾನ ಆಯಿತು, ಅದು ಬದಲಾಗದು. ಐದನೆಯದರಲ್ಲಿ ಇರುವುದು ಇಂದಿನ ಸ್ಥಿತಿ. ಮನೆ ಬದಲಾಗುತ್ತದೆ, ಫೋನ್ ಬದಲಾಗುತ್ತದೆ, ಮಗಳು ಮದುವೆಯಾಗಿ ಹೋಗುತ್ತಾಳೆ, ಸೊಸೆ ಬರುತ್ತಾಳೆ. ಮೊದಲ ಬಗೆಯದನ್ನು ಅಳಿಸುವಂತಿಲ್ಲ. ಎರಡನೆಯದನ್ನು ಅಳಿಸಿ ತಿದ್ದುತ್ತಲೇ ಇರಬೇಕು.

ಈ ಭೇದ ಪುಸ್ತಕದ ಬದನೆಕಾಯಿಯಲ್ಲ. ಯುರೋಪಿನಲ್ಲಿ ಇತ್ತೀಚೆಗೆ ಇದೇ ವಿಷಯ ನ್ಯಾಯಾಲಯ ಹತ್ತಿದೆ. 2018ರ ಮೇ ತಿಂಗಳಿನಿಂದ ಅಲ್ಲಿ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ಕಾನೂನನ್ನು ಮುಂದಿಟ್ಟು, ಧರ್ಮಸಭೆಯನ್ನು ತೊರೆದ ಕೆಲವರು ಜ್ಞಾನಸ್ನಾನ ಪುಸ್ತಕದಿಂದಲೇ ತಮ್ಮ ಹೆಸರನ್ನು ಅಳಿಸಬೇಕೆಂದು ಕೇಳಿದರು. ಬೆಲ್ಜಿಯಂನ ದತ್ತಾಂಶ ಪ್ರಾಧಿಕಾರ 2023ರ ಡಿಸೆಂಬರ್‌ನಲ್ಲಿ ಘೆಂಟ್ ಧರ್ಮಪ್ರಾಂತ್ಯದ ವಿರುದ್ಧ ಆದೇಶ ಕೊಟ್ಟಿತು. ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಅಳಿಸಬೇಕಾಗಿಲ್ಲ ಎಂದಿತು. 2025ರ ಏಪ್ರಿಲ್‌ನಲ್ಲಿ ವ್ಯಾಟಿಕನ್ನಿನ ಕಾನೂನು ಪಠ್ಯಗಳ ವಿಭಾಗ ತನ್ನ ನಿಲುವನ್ನು ಪ್ರಕಟಿಸಿತು: ಜ್ಞಾನಸ್ನಾನದ ಪುಸ್ತಕ ಸದಸ್ಯರ ಪಟ್ಟಿಯಲ್ಲ, ನಡೆದ ಸಂಸ್ಕಾರದ ದಾಖಲೆ, ಆದ್ದರಿಂದ ಅದರಿಂದ ಏನನ್ನೂ ಅಳಿಸಲಾಗದು.

ಈ ನಿಲುವಿನಿಂದ ನಮ್ಮ ಮೇಲೂ ಒಂದು ಹೊಣೆ ಬೀಳುತ್ತದೆ. ಜ್ಞಾನಸ್ನಾನ ಪುಸ್ತಕ ಸದಸ್ಯರ ಪಟ್ಟಿಯಲ್ಲ ಎಂದು ನಾವು ಹೇಳುವುದಾದರೆ, ಆ ಪುಸ್ತಕದಿಂದ ಹೆಸರು, ಜನ್ಮದಿನಾಂಕ, ತಂದೆತಾಯಿಯ ವಿವರಗಳನ್ನು ತೆಗೆದು ಸದಸ್ಯರ ಡೈರೆಕ್ಟರಿಗೆ ತುಂಬುವಂತಿಲ್ಲ.

ಅಂಚೆಯ ಕಾಲದ ಸಿಂಕ್

ಒಂದು ಕಡೆಯ ದಾಖಲೆ ಬದಲಾದಾಗ ಇನ್ನೊಂದು ಕಡೆಯದನ್ನೂ ಸರಿಪಡಿಸುವ ಪದ್ಧತಿ ಧರ್ಮಸಭೆಗೆ ಹೊಸದೇನೂ ಅಲ್ಲ. ಪೋಪ್ ಹತ್ತನೆಯ ಪಿಯೂಸರ ಕಾಲದಲ್ಲಿ, 1907ರಲ್ಲಿ ಹೊರಟ 'ನೆ ತೆಮೆರೆ' ಎಂಬ ಆಜ್ಞೆ 1908ರ ಈಸ್ಟರಿನಿಂದ ಜಾರಿಗೆ ಬಂತು. ಮದುವೆಯಾದವರ ಜ್ಞಾನಸ್ನಾನ ಬೇರೆ ಚರ್ಚಿನಲ್ಲಿ ಆಗಿದ್ದರೆ ಆ ಚರ್ಚಿಗೆ ತಿಳಿಸಬೇಕು, ಅಲ್ಲಿನ ಜ್ಞಾನಸ್ನಾನ ಪುಸ್ತಕದ ಅಂಚಿನಲ್ಲಿ ಅದನ್ನು ಬರೆಯಬೇಕು ಎಂದು ಅದು ಹೇಳಿತು. ಇಂದಿನ ಸಂಹಿತೆಯ 1122ನೆಯ ವಿಧಿಯೂ ಇದನ್ನೇ ಹೇಳುತ್ತದೆ. ದೃಢೀಕರಣ, ವಿವಾಹ, ಯಾಜಕ ದೀಕ್ಷೆ, ಸನ್ಯಾಸದ ಖಾಯಂ ವ್ರತ ಇವೆಲ್ಲ ಜ್ಞಾನಸ್ನಾನದ ದಾಖಲೆಯ ಪಕ್ಕಕ್ಕೆ ಬಂದು ಸೇರಬೇಕು. ಪ್ರಮಾಣಪತ್ರ ಕೊಡುವಾಗ ಅವನ್ನೂ ಕಾಣಿಸಬೇಕು.

ಬಟವಾಡಿಯ ಆ ಯುವಕನ ವಿಷಯಕ್ಕೇ ಬರೋಣ. ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ ನಡೆದ ಮದುವೆಯ ಸೂಚನೆ ಕರಾವಳಿಯ ಅವನ ಚರ್ಚಿಗೆ ತಲುಪಿರಬೇಕು. ತಲುಪದಿದ್ದರೆ ಅಲ್ಲಿ ಅವನು ಇಂದಿಗೂ ಅವಿವಾಹಿತ. ನಾಳೆ ಯಾರೋ ಬಂದು ಅವನ ಹೆಸರಿನ ಜ್ಞಾನಸ್ನಾನ ಪತ್ರ ಕೇಳಿದರೆ, ಮದುವೆಗೆ ಅಡ್ಡಿಯೇನೂ ಇಲ್ಲದವನಂತೆ ಪತ್ರ ಹೊರಡುತ್ತದೆ. ಹೆಂಡತಿಗೆ ಇದರಿಂದ ಮೋಸವಾಗುವ ಸಾಧ್ಯತೆಯಿದೆ. ಮೋಸದ ಉದ್ದೇಶ ಯಾರಿಗೂ ಇಲ್ಲದಿದ್ದರೂ, ವಿದೇಶಕ್ಕೆ ಹೋಗುವಾಗ ಅಥವಾ ಮಗುವಿನ ಸಂಸ್ಕಾರದ ಸಮಯದಲ್ಲಿ ಒಂದು ಸಹಿಗಾಗಿ ಮೂರು ಧರ್ಮಪ್ರಾಂತ್ಯಗಳನ್ನು ಅಲೆಯಬೇಕಾಗುತ್ತದೆ.

ನಿಜವಾಗಿ ಬೇಕಾದ ಜೋಡಣೆ ಇದು: ಕಛೇರಿಯಿಂದ ಕಛೇರಿಗೆ, ಮುಚ್ಚಿದ ಲಕೋಟೆಯಲ್ಲಿ ಹೋಗುವ ಸೂಚನೆ. ಹಿಂದೆ ಅಂಚೆಯಲ್ಲಿ ಹೋಗುತ್ತಿತ್ತು. ಇಂದು ಅಧಿಕೃತ ಈಮೇಲಿನಲ್ಲಿ ಹೋಗಬಹುದು, ಧರ್ಮಪ್ರಾಂತ್ಯಗಳ ನಡುವೆ ಭದ್ರವಾದ ತಂತ್ರಾಂಶವೊಂದರ ಮೂಲಕವೂ ಹೋಗಬಹುದು. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಧರ್ಮಪ್ರಾಂತ್ಯ ಬೇರೆಯಾದಾಗ ಚರ್ಚುಗಳ ಮೇಲಿನ ಆಡಳಿತದ ವಿಳಾಸ ಬದಲಾಯಿತು. ಜ್ಞಾನಸ್ನಾನದ ಪುಸ್ತಕ ಇರಬೇಕಾದದ್ದು ಮಾತ್ರ ಆಯಾ ಚರ್ಚಿನಲ್ಲೇ. ಸೂಚನೆ ಕಳಿಸಲು ಸರಿಯಾದ, ಪ್ರಸಕ್ತ ವಿಳಾಸ ಬೇಕು. ಚರ್ಚುಗಳ ವಿಳಾಸದ ಡೈರೆಕ್ಟರಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರುವುದು ಒಳ್ಳೆಯದೇ. ಮನೆಗಳ ವಿಳಾಸದ ಡೈರೆಕ್ಟರಿಯ ವಿಷಯ ಹಾಗಲ್ಲ. ನಾವು ಅನೇಕ ಕಡೆ ಮಾಡುತ್ತಿರುವುದು ತಿರುವುಮುರುವು: ಮದುವೆಯ ಸೂಚನೆ ಕಳಿಸಲು ತಿಂಗಳುಗಟ್ಟಲೆ ತಡ, ಕುಟುಂಬಗಳ ಫೋಟೋ ಸಹಿತ ಪಟ್ಟಿಯನ್ನು ಅಂತರ್ಜಾಲಕ್ಕೆ ಹಾಕಲು ಮಾತ್ರ ಆತುರ.

ಜೋಡಣೆ ಎಡವುವ ಜಾಗಗಳು

ತಂತ್ರಾಂಶದ ಮಾರಾಟಗಾರರು ಸುಲಭವೆಂದು ಹೇಳುವ ಕೆಲಸದಲ್ಲಿ ಎಡವುವ ಜಾಗಗಳು ಹಲವು. ಮೊದಲನೆಯದು ಹೆಸರು. ಹಳೆಯ ಲ್ಯಾಟಿನ್ ದಾಖಲೆಯಲ್ಲಿ 'ಜೊವಾನ್ನೆಸ್' ಆದವನು ಶಾಲೆಯಲ್ಲಿ ಜಾನ್, ಮನೆಯಲ್ಲಿ ಜುವಾಂವ್. ಡಿಸೋಜ, ಡಿಸೋಜಾ, ಡಿ'ಸೋಜಾ ಎಂದು ಒಂದೇ ಮನೆತನದ ಹೆಸರು ಮೂರು ಬಗೆ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಜನ. ಇತ್ತ, ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಯಂತ್ರ ಅವರನ್ನು ಒಬ್ಬರೆಂದು ಸೇರಿಸಿಬಿಡಬಹುದು. ತೀರಿಕೊಂಡವರ ಬದಲು ಬದುಕಿರುವವರ ಹೆಸರು ಅಳಿಸಿಹೋದರೆ ಆ ಮನೆಯವರಿಗೆ ಹೇಗಾಗಬೇಡ?

ಎರಡನೆಯದು ಅಕ್ಷರ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿಗಳು ಎಷ್ಟೋ ಕಛೇರಿಗಳಲ್ಲಿವೆ. ಯುನಿಕೋಡ್‌ಗೆ ಪರಿವರ್ತಿಸದೆ ಅವನ್ನು ಅಂತರ್ಜಾಲಕ್ಕೆ ಏರಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಿಸಿದ ಮೇಲೂ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಿ ತಿದ್ದುವುದು ಅನಿವಾರ್ಯ.

ಮೂರನೆಯದು ಫೋನ್ ನಂಬರ್. ನಿಷ್ಕ್ರಿಯಗೊಂಡ ಮೊಬೈಲ್ ನಂಬರನ್ನು ಕನಿಷ್ಠ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಇದು 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂದ ವಿಷಯ. ತುಮಕೂರಿಗೆ ಹೋದವನು ಹಳೆಯ ಸಿಮ್ ಬಿಟ್ಟ ಕೆಲವೇ ತಿಂಗಳಲ್ಲಿ, ಊರಿನ ಚರ್ಚಿನಿಂದ ಹೋಗುವ ಮನೆಯ ವಿಷಯಗಳು ಅಪರಿಚಿತರ ಕೈ ಸೇರಬಹುದು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಅಳಿಸುವಿಕೆ. ದಾಖಲೆ ಮತ್ತು ಡೈರೆಕ್ಟರಿ ಎರಡೂ ದಿಕ್ಕಿಗೆ ಜೋಡಣೆಯಾಗಿದ್ದರೆ, ಡೈರೆಕ್ಟರಿಯಲ್ಲಿ ಸ್ವಯಂಸೇವಕನೊಬ್ಬ ಕೈತಪ್ಪಿ ಅಳಿಸಿದ ಕುಟುಂಬ ಕಛೇರಿಯ ಮೂಲ ದಾಖಲೆಯಿಂದಲೂ ಮಾಯವಾಗುತ್ತದೆ. ಊರು ಬಿಟ್ಟವರನ್ನು 'ಅಳಿಸು' ಎನ್ನುವುದಕ್ಕೂ 'ಬೇರೆ ಧರ್ಮಕೇಂದ್ರಕ್ಕೆ ಹೋಗಿದ್ದಾರೆ' ಎಂದು ಗುರುತಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಎಲ್ಲಿಗೆ ಹೋದರು, ಯಾರಿಗೆ ತಿಳಿಸಬೇಕು ಎಂಬ ಎಳೆ ಉಳಿಯುತ್ತದೆ. ಮೊದಲನೆಯದರಲ್ಲಿ ಆ ಕುಟುಂಬ ಎರಡೂ ಊರಿಗೆ ಇಲ್ಲವಾಗುತ್ತದೆ.

ತೆರೆದ ಪಟ್ಟಿಯನ್ನು ಯಾರು ಓದುತ್ತಾರೆ?

ನಮ್ಮ ಚರ್ಚುಗಳು ಶತಮಾನೋತ್ಸವ, ಸುವರ್ಣೋತ್ಸವಗಳಿಗೆ ಸ್ಮರಣ ಸಂಚಿಕೆ ತಂದು, ಅದರಲ್ಲಿ ಕುಟುಂಬಗಳ ಫೋಟೋ ಹಾಕುವ ರೂಢಿ ಇದೆ. ಅದನ್ನು ಯಾರೂ ಆಕ್ಷೇಪಿಸಿಲ್ಲ, ಅಂತರ್ಜಾಲದಲ್ಲಿ ಮಾತ್ರ ಏಕೆ ಭಯ ಎಂದು ಕೇಳುವವರಿದ್ದಾರೆ. ಸಂಚಿಕೆಯ ಕೆಲವು ನೂರು ಪ್ರತಿಗಳು ಆ ಚರ್ಚಿನ ಮನೆಗಳಲ್ಲೇ ಉಳಿಯುತ್ತವೆ. ಅಂತರ್ಜಾಲದ ಪಟ್ಟಿಯನ್ನು ಯಾವ ಊರಿನಿಂದಲಾದರೂ ಹುಡುಕಬಹುದು, ನಕಲು ಮಾಡಬಹುದು, ಬೇರೆ ಪಟ್ಟಿಗಳೊಂದಿಗೆ ಸೇರಿಸಬಹುದು. ಒಂಟಿಯಾಗಿರುವ ವಿಧವೆಯ ಮನೆ ಯಾವುದು, ಮಕ್ಕಳೆಲ್ಲ ಕೊಲ್ಲಿ ದೇಶಗಳಲ್ಲಿರುವ ವೃದ್ಧರು ಯಾರು, ಪಿ.ಜಿ.ಯಲ್ಲಿರುವ ಹುಡುಗಿಯ ನಂಬರ್ ಏನು ಎಂಬುದನ್ನು ವಂಚಕನಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ.

ಇನ್ನೊಂದು ಭಯವನ್ನೂ ಹೇಳಲೇಬೇಕು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ನಡೆದ ದಾಳಿಯನ್ನು ಕರಾವಳಿ ಮರೆತಿಲ್ಲ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಶಾಸಕಾಂಗದ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಸಮಿತಿ ಚರ್ಚುಗಳ ಹಾಗೂ ಮಿಷನರಿಗಳ ಸಮೀಕ್ಷೆಗೆ ಸೂಚಿಸಿದಾಗ, ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಧರ್ಮಗುರುಗಳನ್ನೂ ಧರ್ಮಭಗಿನಿಯರನ್ನೂ ಗುರುತಿಸಿ ಗುರಿ ಮಾಡಲು ಇಂಥ ಪಟ್ಟಿ ದಾರಿಯಾದೀತು ಎಂಬುದು ಅವರ ಆತಂಕವಾಗಿತ್ತು. ಬೇರೆಯವರು ಮಾಡುವ ಪಟ್ಟಿಗೆ ಹೆದರುವ ನಾವು ಅದಕ್ಕಿಂತ ವಿವರವಾದ ಪಟ್ಟಿಯನ್ನು ನಮ್ಮ ಕೈಯಾರೆ ತೆರೆದಿಡುವುದು ಎಷ್ಟು ಸರಿ?

ಒಳ್ಳೆಯ ಉದ್ದೇಶದಿಂದ ಮಾಡಿದ ಪಟ್ಟಿ ಕೆಟ್ಟ ಕೈಗೆ ಬೀಳಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ನೆದರ್ಲೆಂಡ್ಸ್ ದೇಶದ ಜನಸಂಖ್ಯಾ ದಾಖಲೆಯಲ್ಲಿ ಪ್ರತಿಯೊಬ್ಬರ ಧರ್ಮವನ್ನೂ ಬರೆದಿಡಲಾಗಿತ್ತು. ಆಡಳಿತದ ಅನುಕೂಲಕ್ಕಾಗಿ, ಅತ್ಯಂತ ಅಚ್ಚುಕಟ್ಟಾಗಿ. ದೇಶ ನಾಜಿಗಳ ವಶವಾದಾಗ ಯಹೂದಿಗಳನ್ನು ಹುಡುಕಲು ಅದೇ ದಾಖಲೆ ನೆರವಾಯಿತು. 1943ರ ಮಾರ್ಚ್ 27ರಂದು ಪ್ರತಿರೋಧ ಹೋರಾಟಗಾರರು ಆಮ್ಸ್ಟರ್‌ಡ್ಯಾಮಿನ ದಾಖಲೆ ಕಛೇರಿಗೆ ಬೆಂಕಿ ಹಚ್ಚಿದರು, ಆದರೆ ಸುಟ್ಟುಹೋದದ್ದು ಕಾರ್ಡುಗಳ ಸ್ವಲ್ಪ ಭಾಗ ಮಾತ್ರ. ನಮ್ಮ ಪರಿಸ್ಥಿತಿ ಅದಲ್ಲ, ಅಂಥ ಹೋಲಿಕೆ ಮಾಡಿ ಹೆದರಿಸುವುದೂ ಸಲ್ಲದು. ಅಗತ್ಯಕ್ಕಿಂತ ಹೆಚ್ಚು ಬರೆದಿಡಬಾರದು ಎಂಬ ಪಾಠವನ್ನಷ್ಟೇ ತೆಗೆದುಕೊಂಡರೆ ಸಾಕು.

ವ್ಯಾಟಿಕನ್ ಕೂಡ ಈ ದಿಕ್ಕಿನಲ್ಲಿ ಹಿಂದೆಯೇ ಎಚ್ಚರಿಸಿದೆ. ವಂಶಾವಳಿ ಸಂಗ್ರಹಿಸುವ ಮಾರ್ಮನ್ ಸಂಸ್ಥೆಗೆ ಧರ್ಮಕೇಂದ್ರದ ಪುಸ್ತಕಗಳನ್ನು ಚಿತ್ರೀಕರಿಸಲು, ಗಣಕೀಕರಿಸಲು ಕೊಡಬಾರದೆಂದು 2008ರ ಏಪ್ರಿಲ್‌ನಲ್ಲಿ ಪತ್ರದ ಮೂಲಕ ಬಿಷಪರಿಗೆ ತಿಳಿಸಲಾಯಿತು. ಉಚಿತವಾಗಿ ಗಣಕೀಕರಿಸಿ ಕೊಡುತ್ತೇವೆ ಎಂದು ಬರುವ ಯಾವ ಸಂಸ್ಥೆಯ ಮುಂದೆಯೂ ಈ ಪ್ರಶ್ನೆ ಇಡಬೇಕು: ನಮ್ಮ ವಿಶ್ವಾಸಿಗಳ ವಿವರವನ್ನು ನೀವು ಏನು ಮಾಡುತ್ತೀರಿ?

ಕಾನೂನು ಎಲ್ಲಿಯವರೆಗೆ ಬಂದಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶ ಇಟ್ಟುಕೊಳ್ಳುವವರ ಬಹುಪಾಲು ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ.

ಚರ್ಚುಗಳಿಗೆ ಸಂಬಂಧಿಸಿದಂತೆ ಈ ಕಾಯಿದೆಯ ನಾಲ್ಕು ಅಂಶಗಳು ಮುಖ್ಯ. ಕಾಗದದಲ್ಲಿದ್ದ ವಿವರವನ್ನು ಗಣಕಯಂತ್ರಕ್ಕೆ ಏರಿಸಿದ ಕ್ಷಣದಿಂದ ಕಾಯಿದೆ ಅನ್ವಯಿಸುತ್ತದೆ. ಒಪ್ಪಿಗೆಯ ಆಧಾರದಲ್ಲಿ ವಿವರ ಪಡೆಯುವುದಾದರೆ ಯಾವ ಕಾರಣಕ್ಕೆಂದು ಮೊದಲೇ ತಿಳಿಸಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು. 18 ವರ್ಷದೊಳಗಿನವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕು, ಅದನ್ನು ಪರಿಶೀಲಿಸುವಂತಿರಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಒಂದು ಹಳ್ಳಿಯ ಚರ್ಚಿಗೆ ಅಷ್ಟು ದಂಡ ಬೀಳಲಾರದು, ಆದರೆ ಚಿಕ್ಕ ಸಂಸ್ಥೆ ಎಂಬ ನೆಪ ಹೊಣೆಯನ್ನು ಇಲ್ಲವಾಗಿಸುವುದಿಲ್ಲ.

ಕಾನೂನಿನಲ್ಲಿ ಒಂದು ಕೊರತೆಯೂ ಇದೆ. 2019ರ ಮಸೂದೆಯಲ್ಲಿ ಧಾರ್ಮಿಕ ನಂಬಿಕೆಯ ವಿವರವನ್ನು ಸೂಕ್ಷ್ಮ ದತ್ತಾಂಶವೆಂದು ಪ್ರತ್ಯೇಕವಾಗಿ ಗುರುತಿಸಲಾಗಿತ್ತು. 2023ರ ಕಾಯಿದೆಯಲ್ಲಿ ಆ ವಿಭಾಗವೇ ಇಲ್ಲ. ಸಾಮಾನ್ಯ ಅಂಗಡಿಯ ಗ್ರಾಹಕರ ಪಟ್ಟಿಗೂ ಚರ್ಚಿನ ಸದಸ್ಯರ ಪಟ್ಟಿಗೂ ಕಾಯಿದೆ ಒಂದೇ ಅಳತೆ ಹಿಡಿಯುತ್ತದೆ. ಚರ್ಚಿನ ಡೈರೆಕ್ಟರಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಅವರ ಧರ್ಮ ತಿಳಿಯುತ್ತದೆ. ಬೇರೆ ಕಲಮು ಬೇಕಾಗಿಲ್ಲ. ಕಾನೂನು ಕೇಳದಿದ್ದರೂ ಹೆಚ್ಚಿನ ಜಾಗ್ರತೆ ನಮ್ಮದೇ ಆಗಬೇಕು. ಕಾನೂನು ಸಂಹಿತೆಯ 220ನೆಯ ವಿಧಿಯೂ ವ್ಯಕ್ತಿಯ ಗೌರವವನ್ನೂ ಖಾಸಗಿತನವನ್ನೂ ಯಾರೂ ಭಂಗಗೊಳಿಸಬಾರದೆನ್ನುತ್ತದೆ.

ಹೊರದೇಶಕ್ಕೆ ಹೋಗುವ ನಮ್ಮ ಯುವಜನರಿಗೂ ಒಂದು ಮಾತು. ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೋದವರು ಅಲ್ಲಿನ ನಗರ ಕಛೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮವನ್ನೂ ಕೇಳುತ್ತಾರೆ. ಕಥೋಲಿಕ ಎಂದು ಬರೆಸಿದರೆ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಸೇರುತ್ತದೆ. ಅಲ್ಲಿ ಸರಕಾರದ ದಾಖಲೆಯಿಂದ ಚರ್ಚಿನ ದಾಖಲೆಗೆ ವಿವರ ಹರಿಯುತ್ತದೆ. ಅದಕ್ಕೆ ತಕ್ಕಂತೆ ಜರ್ಮನಿಯ ಕಥೋಲಿಕ ಧರ್ಮಪ್ರಾಂತ್ಯಗಳು 2018ರ ಮೇ ತಿಂಗಳಿನಿಂದ ತಮ್ಮದೇ ದತ್ತಾಂಶ ರಕ್ಷಣಾ ಕಾನೂನನ್ನು ಪಾಲಿಸುತ್ತಿವೆ. ನಮ್ಮಲ್ಲಿ ಜೋಡಣೆ ಮೊದಲು ಬಂದಿದೆ, ನಿಯಮ ಇನ್ನೂ ಬರಬೇಕಿದೆ.

ಏನು ಮಾಡಬಹುದು?

ಡೈರೆಕ್ಟರಿ ಬೇಡವೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಕೆಲವು ಕಟ್ಟುಪಾಡುಗಳನ್ನು ಮೊದಲೇ ಹಾಕಿಕೊಂಡರೆ ಅದನ್ನು ಒಳ್ಳೆಯದಾಗಿ ನಡೆಸಬಹುದು. ಪಾಲನಾ ಮಂಡಳಿಗಳು ಮುಂದಿನ ಸಭೆಯಲ್ಲಿ ಚರ್ಚಿಸಬಹುದಾದ ಅಂಶಗಳು ಇವು.

ಮೂಲ ಒಂದೇ ಇರಲಿ, ಅದು ಕಛೇರಿಯ ಕುಟುಂಬ ದಾಖಲೆ. ವಿವರ ಅಲ್ಲಿಂದ ಡೈರೆಕ್ಟರಿಗೆ ಹರಿಯಲಿ, ಡೈರೆಕ್ಟರಿಯಿಂದ ಹಿಂದಕ್ಕೆ ಹರಿಯದಿರಲಿ. ತಿದ್ದುಪಡಿ ಬೇಕಾದವರು ಕಛೇರಿಗೆ ಅಥವಾ ಗುರ್ಕಾರರಿಗೆ ತಿಳಿಸಲಿ. ಸಂಸ್ಕಾರಗಳ ಪುಸ್ತಕಗಳನ್ನು ಈ ಜೋಡಣೆಗೆ ಸೇರಿಸುವುದೇ ಬೇಡ.

ಡೈರೆಕ್ಟರಿಯಲ್ಲಿ ಕಾಣುವುದು ಕಡಿಮೆ ಇರಲಿ. ಕುಟುಂಬ ಸೂಚಿಸಿದ ಒಂದು ಹೆಸರು, ವಾರ್ಡು, ಒಂದು ಫೋನ್ ನಂಬರ್ ಸಾಕು. ಜನ್ಮದಿನಾಂಕ, ಮಕ್ಕಳ ಹೆಸರು, ಮನೆಯ ನಕ್ಷೆ ಬೇಡ. ವಂತಿಗೆಯ ಬಾಕಿ, ಖಾಯಿಲೆ, ದಾಂಪತ್ಯದ ತೊಡಕು ಇವು ಕಛೇರಿಯ ಬಾಗಿಲು ದಾಟಕೂಡದು. ಆಧಾರ್ ಸಂಖ್ಯೆಯನ್ನಂತೂ ಕೇಳಲೇಬೇಡಿ. ಖಾಸಗಿ ಸಂಸ್ಥೆಗಳು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ.

ಒಪ್ಪಿಗೆ ಕಾಗದದ ಮೇಲಿರಲಿ. ಓದುವವರಿಗೆ ಅರ್ಥವಾಗುವ ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ ಇರಲಿ. 'ಆಕ್ಷೇಪವಿಲ್ಲದವರು ಸುಮ್ಮನಿರಿ' ಎಂದು ಪೂಜೆಯ ಕೊನೆಯಲ್ಲಿ ಪ್ರಕಟಿಸುವುದು ಒಪ್ಪಿಗೆಯಲ್ಲ. ಮನೆಯ ಯಜಮಾನರ ಸಹಿ ಮನೆಯ ಎಲ್ಲ ವಯಸ್ಕರ ಸಹಿಯಾಗದು. ಕೆಲಸಕ್ಕೆ ಹೋಗುವ ಮಗಳ ನಂಬರ್ ಕೊಡುವುದು, ಬಿಡುವುದು ಅವಳಿಗೆ ಸೇರಿದ್ದು. ಹೆಸರು ಬೇಡವೆಂದವರನ್ನು ಯಾಕೆಂದು ಪ್ರಶ್ನಿಸಬಾರದು, ಅವರಿಗೆ ಸೇವೆ ಕಡಿಮೆಯಾಗಲೂಬಾರದು.

ಬಾಗಿಲಿಗೆ ಬೀಗವಿರಲಿ. ಗೂಗಲ್‌ನಲ್ಲಿ ಹುಡುಕಿದರೆ ಡೈರೆಕ್ಟರಿ ಸಿಗಬಾರದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಗುಪ್ತಪದ ಇರಬೇಕು. ಕರಾವಳಿಯಲ್ಲಿ ಧರ್ಮಗುರುಗಳ ವರ್ಗಾವಣೆಯ ಸಮಯ ಬಂದಾಗ ಬೀಗದ ಕೈಗಳಂತೆ ಗುಪ್ತಪದಗಳನ್ನೂ ಬರೆದು ಒಪ್ಪಿಸಬೇಕು. ಜಾಲತಾಣ ಮಾಡಿಕೊಟ್ಟ ಯುವಕ ದುಬೈಗೆ ಹೋದ, ಈಗ ಯಾರಿಗೂ ಒಳಹೋಗಲು ಬರುವುದಿಲ್ಲ ಎಂಬ ಸ್ಥಿತಿ ಬರಬಾರದು. ಇಡೀ ಪಟ್ಟಿಯನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಮೊದಲು ನಿಲ್ಲಬೇಕು. ಒಮ್ಮೆ ಹೋದ ಪ್ರತಿಯನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು.

ವರ್ಷಕ್ಕೊಮ್ಮೆ ಪಟ್ಟಿಯನ್ನು ಮನೆಮನೆಗೆ ಒಯ್ದು ಸರಿನೋಡಬೇಕು. ಸರಿನೋಡಿದ ಪಟ್ಟಿಯ ಒಂದು ಪ್ರತಿಯನ್ನು ಮುದ್ರಿಸಿ, ಬೈಂಡ್ ಮಾಡಿಸಿ ಚರ್ಚಿನ ಕಪಾಟಿನಲ್ಲಿಡಬೇಕು. ತಂತ್ರಾಂಶದ ಕಂಪನಿ ಬಾಗಿಲು ಹಾಕಿದರೂ ದಾಖಲೆ ಉಳಿಯುತ್ತದೆ.

ಕೊನೆಯದಾಗಿ, ಊರು ಬಿಟ್ಟು ಹೋಗುವವರಿಗೆ ಪತ್ರ. ಮಕ್ಕಳು ತುಮಕೂರಿಗೋ ಬೆಂಗಳೂರಿಗೋ ಹೊರಟಾಗ, ಅವರ ಒಪ್ಪಿಗೆ ಪಡೆದು ಅಲ್ಲಿನ ಧರ್ಮಕೇಂದ್ರಕ್ಕೆ ಇಲ್ಲಿನ ಕಛೇರಿ ಒಂದು ಸಾಲು ಬರೆಯಲಿ: ಇಂಥವರು ನಿಮ್ಮಲ್ಲಿಗೆ ಬರುತ್ತಿದ್ದಾರೆ. ಅಲ್ಲಿನವರು ಅವರ ಮದುವೆಯ, ದೃಢೀಕರಣದ ಸೂಚನೆಯನ್ನು ಇಲ್ಲಿಗೆ ತಪ್ಪದೆ ಕಳಿಸಲಿ. ಲಕ್ಷ ರೂಪಾಯಿಯ ತಂತ್ರಾಂಶವಿಲ್ಲದೆಯೂ ಇದನ್ನು ಈ ವಾರವೇ ಆರಂಭಿಸಬಹುದು.

ಗುರ್ಕಾರರ ಪದ್ಧತಿ ನಮ್ಮ ಕರಾವಳಿಯ ದೊಡ್ಡ ಆಸ್ತಿ. ಯಾವ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯ ಮಗನಿಗೆ ಕೆಲಸ ಹೋಗಿದೆ ಎಂಬುದು ಅವರಿಗೆ ಬರಹವಿಲ್ಲದೆಯೇ ಗೊತ್ತು. ಅವರು ಅದನ್ನು ಊರಿಗೆಲ್ಲ ಸಾರುವುದಿಲ್ಲ; ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸುತ್ತಾರೆ. ಡೈರೆಕ್ಟರಿ ತಯಾರಿಸುವ ಪ್ರತಿ ಧರ್ಮಕೇಂದ್ರವೂ ತನ್ನ ತಂತ್ರಾಂಶವನ್ನು ಈ ಅಳತೆಗೋಲಿನಿಂದಲೇ ಅಳೆಯಲಿ. ಬಟವಾಡಿಯ ಬಾಡಿಗೆ ಮನೆಯಲ್ಲಿರುವ ನಮ್ಮ ಹುಡುಗನಿಗೆ ಕಷ್ಟಕಾಲದಲ್ಲಿ ಕರೆ ಮಾಡಲು ಹತ್ತಿರದ ಒಬ್ಬ ಧರ್ಮಗುರುಗಳ ನಂಬರ್ ಸಿಗಬೇಕು. ಅವನ ನಂಬರ್ ಮಾತ್ರ ಅವನು ಒಪ್ಪಿದವರಿಗಷ್ಟೇ ಸಿಗಬೇಕು.